ಹತ್ತನೆಯ ನಡೆಗೆ ಹೋದ ರಾಣಿ: ಶಿವಮೊಗ್ಗದ ಒಂದು ಮಹಿಳಾ ಬ್ಲಿಟ್ಜ್ ಆಟದ ಪ್ರಕರಣ ಅಧ್ಯಯನ

ಶಿವಮೊಗ್ಗ ನಗರದಲ್ಲಿ ಆಷಾಢದ ಒಂದು ಭಾನುವಾರ ನಡೆದ ಮಹಿಳೆಯರ ಬ್ಲಿಟ್ಜ್ (ಕೆಲವೇ ನಿಮಿಷಗಳ ಅತಿವೇಗದ) ಚೆಸ್ ಪಂದ್ಯಾವಳಿಯ ಒಂದೇ ಒಂದು ಆಟ ಈ ಅಧ್ಯಯನದ ವಸ್ತು. ಬಿಳಿ ಕಾಯಿಗಳನ್ನು ಆಡಿದವರು ಸಾಗರದ ಕಡೆಯ ಒಬ್ಬ ಶಿಕ್ಷಕಿ. ಕಪ್ಪು ಕಾಯಿಗಳನ್ನು ಆಡಿದವಳು ತೀರ್ಥಹಳ್ಳಿ ತಾಲ್ಲೂಕಿನ ಪಿಯುಸಿ ವಿದ್ಯಾರ್ಥಿನಿ. ಶಿಕ್ಷಕಿ ಓಪನಿಂಗಿನ, ಅಂದರೆ ಆಟದ ಆರಂಭದ ನಡೆಗಳ, ಒಂದು ಪ್ರಸಿದ್ಧ ಬಲೆಗೆ ಬಿದ್ದು ಹತ್ತನೆಯ ನಡೆಗೇ ರಾಣಿಯನ್ನು ಕಳೆದುಕೊಂಡರು, ಆದರೂ ಆಟವನ್ನು ಗೆದ್ದರು. ರಾಣಿ ಕಳೆದುಕೊಂಡವರು ಬ್ಲಿಟ್ಜ್‌ನಲ್ಲಿ ಗೆಲ್ಲುವುದು ಅಪರೂಪವೇನಲ್ಲ. ಗಡಿಯಾರ ಮುಗಿದು ಗೆದ್ದ ಎಷ್ಟೋ ಆಟಗಳಿವೆ. ಆದರೆ ಇಲ್ಲಿ ಗಡಿಯಾರ ಯಾರದೂ ಮುಗಿಯಲಿಲ್ಲ. ಬಲೆಯಲ್ಲಿ ಗೆದ್ದ ರಾಣಿ ಐದಾರು ನಡೆಗಳಲ್ಲಿ ಮರಳಿ ಹೋದದ್ದು, ಕೊನೆಯಲ್ಲಿ ಹಲಗೆಯ ಆಚೆ ತುದಿ ಮುಟ್ಟಿದ ಕಾಲಾಳಿನಿಂದ ಹೊಸ ರಾಣಿಯೊಂದು ಹುಟ್ಟಿದ ಮರುಕ್ಷಣವೇ ಸತ್ತದ್ದು, ಈ ಎರಡೂ ಘಟನೆಗಳ ಮೂಲ ಒಂದೇ ಎಂಬುದು ನನ್ನ ವಾದ. ಆ ಮೂಲ ಹುಡುಗಿಯ ಪ್ರತಿಭೆಯ ಕೊರತೆಯಲ್ಲ, ಆಕೆ ಅಭ್ಯಾಸ ಮಾಡಿದ ರೀತಿ.

ಅಂದು ಪಂದ್ಯಾವಳಿಯಲ್ಲಿ ನಾನು ಸಹಾಯಕ ತೀರ್ಪುಗಾರನಾಗಿದ್ದೆ. ಆಟ ಮುಗಿದ ಮೇಲೆ ಆಟಗಾರ್ತಿಯರಿಬ್ಬರೂ ಪಕ್ಕದ ಕೋಣೆಯಲ್ಲಿ ಹಲಗೆಯನ್ನು ಮತ್ತೆ ಜೋಡಿಸಿ ನಡೆಗಳನ್ನು ನೆನಪಿಸಿಕೊಂಡದ್ದರಿಂದ ಈ ಬರಹ ಸಾಧ್ಯವಾಯಿತು. ಬ್ಲಿಟ್ಜ್‌ನಲ್ಲಿ ನಡೆಗಳನ್ನು ಬರೆದಿಡುವ ಕಡ್ಡಾಯವಿಲ್ಲ, ಬರೆಯುವಷ್ಟು ಸಮಯವೂ ಇರುವುದಿಲ್ಲ. ಹಾಗಾಗಿ ಮೊದಲ ಹದಿನೇಳು ನಡೆಗಳು ಇಬ್ಬರ ನೆನಪಿನಲ್ಲೂ ಒಂದೇ ಆಗಿದ್ದವು, ಕೊನೆಯ ಸ್ಥಿತಿಯನ್ನು ನಾನೇ ಕಣ್ಣಾರೆ ನೋಡಿದ್ದೆ, ನಡುವಿನ ಭಾಗ ಮಾತ್ರ ಸ್ಥೂಲವಾಗಿ ಉಳಿದಿದೆ.

ನಿಯಮ ಮತ್ತು ಆಟಗಾರ್ತಿಯರು

ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ಒಬ್ಬ ಆಟಗಾರ್ತಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿರುವ ಆಟ ಬ್ಲಿಟ್ಜ್ ಎನಿಸಿಕೊಳ್ಳುತ್ತದೆ; ಪ್ರತಿ ನಡೆಗೆ ಸಿಗುವ ಹೆಚ್ಚುವರಿ ಸೆಕೆಂಡುಗಳನ್ನು 60 ನಡೆಗಳಿಗೆ ಲೆಕ್ಕ ಹಾಕಿ ಸೇರಿಸಲಾಗುತ್ತದೆ. ನಮ್ಮಲ್ಲಿ ಇಟ್ಟುಕೊಂಡದ್ದು 3 ನಿಮಿಷ ಮತ್ತು ಪ್ರತಿ ನಡೆಗೆ 2 ಸೆಕೆಂಡು, ಅಂದರೆ ಆ ಲೆಕ್ಕದಲ್ಲಿ ಒಬ್ಬರಿಗೆ 5 ನಿಮಿಷ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲೂ ಇದೇ ಸಮಯ. 2024ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕೊನೇರು ಹಂಪಿ ಎರಡನೆಯ ಬಾರಿ ಮಹಿಳಾ ವಿಶ್ವ ರ‍್ಯಾಪಿಡ್ (ಬ್ಲಿಟ್ಜ್‌ಗಿಂತ ಸ್ವಲ್ಪ ದೀರ್ಘವಾದ ವೇಗದ ಆಟ) ಪ್ರಶಸ್ತಿ ಗೆದ್ದು, ಅದೇ ಊರಿನಲ್ಲಿ ಬ್ಲಿಟ್ಜ್ ವಿಭಾಗದಲ್ಲಿ ವೈಶಾಲಿ ಕಂಚು ಪಡೆದ ಮೇಲೆ, 2025ರಲ್ಲಿ ಬಟುಮಿಯಲ್ಲಿ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದ ಮೇಲೆ, ನಮ್ಮ ಕಡೆಯ ಹುಡುಗಿಯರ ಬಾಯಲ್ಲಿ ಈ ಹೆಸರುಗಳು ಸಲೀಸಾಗಿ ಓಡಾಡುತ್ತಿವೆ. ಗ್ರ್ಯಾಂಡ್‌ಮಾಸ್ಟರ್ ಸ್ಟ್ಯಾನಿ ಅವರನ್ನು ಕೊಟ್ಟ ಜಿಲ್ಲೆಯಲ್ಲಿ ಚೆಸ್ ಹೊಸದೇನಲ್ಲ, ಆದರೆ ಮಹಿಳೆಯರಿಗೆಂದೇ ಪ್ರತ್ಯೇಕವಾಗಿ ಒಂದು ದಿನದ ಬ್ಲಿಟ್ಜ್ ಇಟ್ಟರೆ ಘಟ್ಟದ ಅಂಚಿನ ಊರುಗಳಿಂದಲೂ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ ಎಂಬುದನ್ನು ಸಂಘಟಕರು ಕೂಡ ಅಷ್ಟಾಗಿ ನಿರೀಕ್ಷಿಸಿರಲಿಲ್ಲ.

ಶಿಕ್ಷಕಿ ಕಾಲೇಜು ದಿನಗಳಲ್ಲಿ ಹಲಗೆಯ ಮೇಲೆ ಆಡಿ ಬೆಳೆದವರು. ಮದುವೆ, ಮಕ್ಕಳು, ವರ್ಗಾವಣೆಗಳ ನಡುವೆ ಬಿಟ್ಟುಹೋದ ಆಟವನ್ನು ಮತ್ತೆ ಹಿಡಿದಿದ್ದಾರೆ. ಅವರ ಓಪನಿಂಗುಗಳ ಸಂಗ್ರಹ ಚಿಕ್ಕದು, ಆದರೆ ಅದರೊಳಗೆ ಅವರು ಬಹಳ ಕಾಲ ಬಾಳಿದ್ದಾರೆ. ಹುಡುಗಿ ಫೋನಿನಲ್ಲಿ ಆಟ ಕಲಿತವಳು. ಅಡಿಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಎದುರಾಳಿ ಸಿಗಬೇಕಾದರೆ ಬೇರೆ ದಾರಿಯೂ ಇಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದಾಗ ಸಿಕ್ಕಷ್ಟು ಆಡುವುದು, ಹೋದಾಗ ಹಳೆಯ ಆಟಗಳನ್ನು ನೋಡುವುದು ಆಕೆಯ ಕ್ರಮ. ಆರನೆಯ ಸುತ್ತಿಗೆ ಇಬ್ಬರೂ ಸಮಾನ ಅಂಕಗಳೊಂದಿಗೆ ಎದುರುಬದುರು ಕುಳಿತರು. ಹೊರಗೆ ಮಳೆ ಎಷ್ಟಿತ್ತೆಂದರೆ ಶೀಟಿನ ಮಾಡಿನ ಸದ್ದಿಗೆ ಗಡಿಯಾರದ ಗುಂಡಿ ಒತ್ತಿದ್ದು ಕೂಡ ಕೇಳುತ್ತಿರಲಿಲ್ಲ.

ಓಪನಿಂಗ್

ಆಟ ಹೀಗೆ ಆರಂಭವಾಯಿತು (ಅಕ್ಷರ ಹಲಗೆಯ ಉದ್ದ ಸಾಲನ್ನೂ ಅಂಕೆ ಅಡ್ಡ ಸಾಲನ್ನೂ × ಗುರುತು ಹೊಡೆತವನ್ನೂ ಸೂಚಿಸುತ್ತದೆ, ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು): 1. ಇ4 ಸಿ5 2. ಡಿ4 ಸಿ×ಡಿ4 3. ಸಿ3 ಡಿ×ಸಿ3 4. ಕುದುರೆ×ಸಿ3 ಕುದುರೆ ಸಿ6 5. ಕುದುರೆ ಎಫ್3 ಇ6 6. ಒಂಟೆ ಸಿ4 ರಾಣಿ ಸಿ7 7. ಕ್ಯಾಸ್ಲಿಂಗ್ (ರಾಜನನ್ನು ಆನೆಯ ಪಕ್ಕದ ಕೋಟೆಗೆ ಸೇರಿಸುವ ನಡೆ) ಕುದುರೆ ಎಫ್6 8. ರಾಣಿ ಇ2 ಕುದುರೆ ಜಿ4.

ಇದು ಸಿಸಿಲಿಯನ್ ರಕ್ಷಣೆಯ ವಿರುದ್ಧದ ಸ್ಮಿತ್-ಮೋರಾ ಗ್ಯಾಂಬಿಟ್. ಬಿಳಿ ಒಂದು ಕಾಲಾಳನ್ನು ಕೊಟ್ಟು, ಬದಲಿಗೆ ಬೇಗ ಹೊರಬರುವ ಕುದುರೆ-ಒಂಟೆಗಳನ್ನೂ ಸಿ ಮತ್ತು ಡಿ ಸಾಲುಗಳಲ್ಲಿ ಆನೆಗಳಿಗೆ ತೆರೆದ ದಾರಿಯನ್ನೂ ಪಡೆಯುತ್ತದೆ. ಫ್ರಾನ್ಸಿನ ಪಿಯೆರ್ ಮೋರಾ ಮತ್ತು ಅಮೆರಿಕದ ಕೆನ್ ಸ್ಮಿತ್ ಅವರ ಹೆಸರು ಹೊತ್ತಿರುವ ಈ ಗ್ಯಾಂಬಿಟ್‌ಗೆ ದೊಡ್ಡ ಪಂದ್ಯಾವಳಿಗಳಲ್ಲಿ ಅಷ್ಟೇನೂ ಮರ್ಯಾದೆ ಸಿಕ್ಕಿಲ್ಲ. 1972ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಸ್ಮಿತ್ ಇದನ್ನು ಮೂರು ಆಟಗಳಲ್ಲಿ ಆಡಿ ಮೂರನ್ನೂ ಸೋತರು. ಅದನ್ನು ಕಂಡ ಡೆನ್ಮಾರ್ಕಿನ ಬೆಂಟ್ ಲಾರ್ಸನ್, ಸ್ಮಿತ್ ವಿರುದ್ಧ ಕಪ್ಪು ಫ್ರೆಂಚ್ ರಕ್ಷಣೆ ಆಡಿದ ಇನ್ನೊಂದು ಆಟಕ್ಕೆ ಟಿಪ್ಪಣಿ ಬರೆಯುವಾಗ, ಒಂದು ಕಾಲಾಳು ಗೆಲ್ಲಿಸುವ ಸಿ5 ನಡೆಯೇ ಇದಕ್ಕಿಂತ ಒಳ್ಳೆಯದಿತ್ತೆಂದು ಚುಚ್ಚಿದರು. ಆದರೆ ಲಾರ್ಸನ್ನರ ಚುಚ್ಚುಮಾತು ಗಂಟೆಗಟ್ಟಲೆ ಯೋಚಿಸಲು ಸಮಯವಿರುವ ಆಟಕ್ಕೆ ಸಂಬಂಧಿಸಿದ್ದು. ಮೂರು ನಿಮಿಷದ ಆಟದಲ್ಲಿ ರಕ್ಷಣೆ ಮಾಡುವವರು ಪ್ರತಿ ನಡೆಗೂ ಸೆಕೆಂಡುಗಳನ್ನು ತೆರಬೇಕಾಗುತ್ತದೆ, ದಾಳಿ ಮಾಡುವವರ ಕೈ ತಾನಾಗಿ ಓಡುತ್ತದೆ. ಶಿಕ್ಷಕಿ ಈ ಗ್ಯಾಂಬಿಟ್ಟನ್ನು ಬ್ಲಿಟ್ಜ್‌ಗೆಂದೇ ಇಟ್ಟುಕೊಂಡಿರುವುದು ಈ ಕಾರಣಕ್ಕೆ, ಮತ್ತು ನನ್ನ ಮಟ್ಟಿಗೆ ಆ ಆಯ್ಕೆಯಲ್ಲಿ ತಪ್ಪೇನಿಲ್ಲ.

ಕಪ್ಪಿನ ವ್ಯವಸ್ಥೆಯೂ ಹೆಸರಾಂತದ್ದೇ. ಇ6, ರಾಣಿ ಸಿ7, ಕುದುರೆ ಎಫ್6, ಆಮೇಲೆ ಕುದುರೆ ಜಿ4 ಎಂಬ ಈ ಸರಣಿಗೆ ಸೈಬೀರಿಯನ್ ಬಲೆ ಎಂದು ಹೆಸರು. ಸೈಬೀರಿಯಾದ ಬೋರಿಸ್ ಶಿಪ್ಕೋವ್ 1987ರಲ್ಲಿ ಖಬರೋವ್ಸ್ಕ್‌ನಲ್ಲಿ ಇದರಿಂದ ಗೆದ್ದರು, 1990ರಲ್ಲಿ ಬುಡಾಪೆಸ್ಟ್‌ನಲ್ಲಿ ಮತ್ತೊಬ್ಬ ಆಟಗಾರ ಇದೇ ಗುಂಡಿಗೆ ಬಿದ್ದರು. ಅಂತರ್ಜಾಲದಲ್ಲಿ ಓಪನಿಂಗ್ ಬಲೆಗಳ ವೀಡಿಯೊ ನೋಡುವ ಯಾರಿಗೂ ಇದು ಮೊದಲ ವಾರದಲ್ಲೇ ಎದುರಾಗುತ್ತದೆ.

ಬಲೆಯ ಯಂತ್ರ ಸರಳವಾಗಿದ್ದರೂ ಸುಂದರವಾದದ್ದು. ಸಿ7ರಲ್ಲಿರುವ ಕಪ್ಪು ರಾಣಿ ಡಿ6, ಇ5, ಎಫ್4, ಜಿ3 ಮನೆಗಳ ಮೂಲಕ ಎಚ್2ರವರೆಗೆ ನೋಡುತ್ತಿದೆ. ಜಿ4ರ ಕುದುರೆ ಅದಕ್ಕೆ ಬೆಂಬಲ. ಎಚ್2ನ್ನು ಕಾಯುತ್ತಿರುವ ಬಿಳಿಯ ಕುದುರೆ ಎಫ್3ರಲ್ಲಿದೆ. ಆದ್ದರಿಂದ ಈ ಕ್ಷಣಕ್ಕೆ ಎಚ್2ರ ಮೇಲೆ ನೇರ ಅಪಾಯವಿಲ್ಲ ಎಂದು ಕಣ್ಣು ಹೇಳುತ್ತದೆ, ಕಣ್ಣು ಹೇಳುವುದು ನಿಜವೂ ಹೌದು. ಬಲೆ ಇರುವುದು ಇನ್ನೊಂದು ಕುದುರೆಯಲ್ಲಿ. ಸಿ6ರಿಂದ ಅದು ಡಿ4ಕ್ಕೆ ಹಾರಿದರೆ ಒಂದೇ ಏಟಿಗೆ ಇ2ರ ರಾಣಿಯನ್ನೂ ಎಫ್3ರ ಕಾವಲುಗಾರನನ್ನೂ ಹಿಡಿಯುತ್ತದೆ.

ಒಂಬತ್ತನೆಯ ನಡೆ

ಈ ಹಂತಕ್ಕೆ ಇಬ್ಬರ ಗಡಿಯಾರದಲ್ಲೂ ಸುಮಾರು ಮೂರು ನಿಮಿಷ ಹಾಗೇ ಇತ್ತು, ಏಕೆಂದರೆ ಕಂಠಪಾಠವಾದ ನಡೆಗಳಿಗೆ ತಗುಲಿದ ಸಮಯವನ್ನು ಎರಡೆರಡು ಸೆಕೆಂಡಿನ ಸೇರ್ಪಡೆ ತುಂಬಿಕೊಟ್ಟಿತ್ತು. ಶಿಕ್ಷಕಿ ಸ್ವಲ್ಪವೂ ತಡೆಯದೆ 9. ಎಚ್3 ಆಡಿದರು. ತನ್ನ ಕೋಟೆಯ ಮುಂದೆ ಬಂದು ಕುಳಿತ ಕುದುರೆಯನ್ನು ಅಂಚಿನ ಕಾಲಾಳಿನಿಂದ ಓಡಿಸುವುದು ಚೆಸ್ ಆಡುವ ಎಲ್ಲರ ಕೈಯಲ್ಲೂ ಇರುವ ಪ್ರತಿಕ್ರಿಯೆ. ಹುಡುಗಿ ಅಷ್ಟೇ ವೇಗವಾಗಿ 9... ಕುದುರೆ ಡಿ4 ಆಡಿ ಗಡಿಯಾರ ಒತ್ತಿದಳು.

ಈಗ ಬಿಳಿಗೆ ಒಳ್ಳೆಯ ನಡೆ ಇಲ್ಲ. ಡಿ4ರ ಕುದುರೆಯನ್ನು ಎಫ್3ರ ಕುದುರೆಯಿಂದ ಹೊಡೆದರೆ ಎಚ್2ರಲ್ಲಿ ಚೆಕ್‌ಮೇಟ್. ರಾಣಿಯನ್ನು ಡಿ1ಕ್ಕೆ ಸರಿಸಿದರೆ ಕಪ್ಪು ಕುದುರೆ ಎಫ್3ರಲ್ಲಿ ಚೆಕ್ ಕೊಟ್ಟು ಹೊಡೆಯುತ್ತದೆ, ಅದನ್ನು ಯಾವುದರಿಂದ ಮರಳಿ ಹೊಡೆದರೂ ಮತ್ತೆ ಎಚ್2ರಲ್ಲೇ ಕಥೆ ಮುಗಿಯುತ್ತದೆ. ಜಿ4ರ ಕುದುರೆಯನ್ನು ಹೊಡೆದು ರಾಣಿಯನ್ನು ಬಿಟ್ಟುಕೊಡುವುದೊಂದೇ ಉಳಿದ ದಾರಿ.

ವಿಚಿತ್ರವೆಂದರೆ, ಒಂಬತ್ತನೆಯ ನಡೆಯಲ್ಲಿ ಶಿಕ್ಷಕಿ ಎದುರಾಳಿಯ ನಡೆಯನ್ನು ನೋಡದೇ ಇದ್ದಿದ್ದರೆ ಉಳಿಯುತ್ತಿದ್ದರು. ಸ್ಮಿತ್-ಮೋರಾದಲ್ಲಿ ರಾಣಿ ಇ2ರ ನಂತರ ಬಿಳಿ ಆಡುವ ಸಹಜ ನಡೆ ಎಫ್1ರ ಆನೆಯನ್ನು ಡಿ1ಕ್ಕೆ ತರುವುದು. ಇಲ್ಲಿ ಸರಿಯಾದ ಉತ್ತರವೂ ಅದೇ. ಆನೆ ಡಿ1ರಲ್ಲಿದ್ದರೆ ಡಿ4ಕ್ಕೆ ಬಂದ ಕುದುರೆಯನ್ನು ಆನೆಯಿಂದಲೇ ಹೊಡೆಯಬಹುದು, ಎಫ್3ರ ಕುದುರೆ ತನ್ನ ಕಾವಲು ಬಿಡಬೇಕಿಲ್ಲ. ಆಮೇಲೂ ಕಪ್ಪು ಒಂಟೆ ಸಿ5ಕ್ಕೆ ಬಂದು ಎಫ್2ರ ಮೇಲೆ ಒತ್ತಡ ಹೇರುತ್ತದೆ, ಆಟ ಸುಲಭವಾಗುವುದಿಲ್ಲ. ಆದರೆ ರಾಣಿ ಉಳಿಯುತ್ತದೆ. ಇನ್ನೂ ಚುರುಕಾದ ದಾರಿ ಬೇಕೆನ್ನುವವರು ಎಂಟನೆಯ ನಡೆಯಲ್ಲೇ ರಾಣಿ ಇ2ರ ಬದಲು ಕುದುರೆ ಬಿ5 ಆಡಿ, ಕಪ್ಪು ರಾಣಿ ಬಿ8ಕ್ಕೆ ಹಿಂದೆ ಸರಿದಾಗ ಇ5 ನೂಕುತ್ತಾರೆ. ಆಗ ಜಿ4ಕ್ಕೆ ಬರಬೇಕಾದ ಕುದುರೆಗೇ ಮೊದಲು ಪ್ರಶ್ನೆ ಬೀಳುತ್ತದೆ. ಬ್ಲಿಟ್ಜ್‌ನಲ್ಲಿ ಯೋಚಿಸದೆ ಆಡಿ ಕೆಟ್ಟರು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ಶಿಕ್ಷಕಿ ಕೆಟ್ಟದ್ದು ಅರ್ಧ ಯೋಚಿಸಿದ್ದರಿಂದ, ತಮ್ಮ ಯೋಜನೆಯನ್ನು ಬಿಟ್ಟು ಎದುರಾಳಿಯ ಕುದುರೆಗೆ ಉತ್ತರ ಕೊಡಲು ಹೋದದ್ದರಿಂದ.

ಅರ್ಧ ನಿಮಿಷ

ಕುದುರೆ ಡಿ4ಕ್ಕೆ ಬಂದ ಮೇಲೆ ಶಿಕ್ಷಕಿ ಕೈಗಳನ್ನು ಮಡಿಲಲ್ಲಿಟ್ಟು ಸುಮಾರು ಅರ್ಧ ನಿಮಿಷ ಹಲಗೆಯನ್ನು ನೋಡಿದರು. ಇರುವ ಮೂರು ನಿಮಿಷದಲ್ಲಿ ಅರ್ಧ ನಿಮಿಷವೆಂದರೆ ದೊಡ್ಡ ಖರ್ಚು. ಅಕ್ಕಪಕ್ಕದಲ್ಲಿ ನಿಂತು ನೋಡುತ್ತಿದ್ದವರಿಗೆ ಅವರು ಸೋಲೊಪ್ಪಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಂತೆ ಕಂಡಿತು. ನಂತರ ಅವರು ಹೇಳಿದ್ದೇ ಬೇರೆ: ರಾಣಿ ಹೋಗುವುದು ಎರಡು ಸೆಕೆಂಡಿನಲ್ಲಿ ಗೊತ್ತಾಗಿತ್ತು, ಉಳಿದ ಸಮಯವೆಲ್ಲ ರಾಣಿ ಹೋದ ಮೇಲಿನ ಮೊದಲ ನಡೆಗೆ ಖರ್ಚಾಯಿತು.

10. ಎಚ್×ಜಿ4 ಕುದುರೆ×ಇ2, ಚೆಕ್. ಈಗ ಇ2ರ ಕುದುರೆಯನ್ನು ಸಿ3ರ ಕುದುರೆಯಿಂದಲೂ ಹೊಡೆಯಬಹುದು, ಸಿ4ರ ಒಂಟೆಯಿಂದಲೂ ಹೊಡೆಯಬಹುದು. ಕುದುರೆಯಿಂದ ಹೊಡೆದರೆ ಸಿ ಸಾಲು ತೆರೆದಿರುವುದರಿಂದ ಕಪ್ಪು ರಾಣಿ ಸಿ4ರ ಒಂಟೆಯನ್ನು ಪುಕ್ಕಟೆಯಾಗಿ ಎತ್ತಿಕೊಳ್ಳುತ್ತದೆ, ಆಟ ಅಲ್ಲಿಗೆ ನಿಜಕ್ಕೂ ಮುಗಿಯುತ್ತದೆ. ಅವಸರದ ಕೈ ಆ ತಪ್ಪು ಮಾಡುವ ಸಾಧ್ಯತೆ ದೊಡ್ಡದು, ಏಕೆಂದರೆ ಒಂಟೆ ಎಫ್7ರ ಕಡೆ ಗುರಿಯಿಟ್ಟು ಕುಳಿತಿದೆ, ಅದನ್ನು ಹಿಂದಕ್ಕೆ ತರಲು ದಾಳಿಕೋರರಿಗೆ ಮನಸ್ಸಾಗುವುದಿಲ್ಲ. ಶಿಕ್ಷಕಿ ಆಡಿದ್ದು 11. ಒಂಟೆ×ಇ2. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಡೆ ಇದು.

ರೂಢಿಯ ಲೆಕ್ಕದಂತೆ ರಾಣಿಗೆ 9, ಕುದುರೆ-ಒಂಟೆಗಳಿಗೆ ತಲಾ 3, ಕಾಲಾಳಿಗೆ 1 ಎಂದು ಹಿಡಿದರೆ, ಬಿಳಿ ರಾಣಿಗೆ ಬದಲಾಗಿ ಎರಡು ಕುದುರೆಗಳನ್ನು ಪಡೆದಿದೆ, ಮೊದಲೇ ಒಂದು ಕಾಲಾಳನ್ನು ಕೊಟ್ಟಿದೆ. ಒಟ್ಟಿನಲ್ಲಿ 4ರಷ್ಟು ಹಿಂದಿದೆ. ಆದರೆ ಹಲಗೆಯನ್ನು ನೋಡಿದರೆ ಬಿಳಿಯ ಕೋಟೆ ಕಟ್ಟಿ ಆಗಿದೆ, ಎರಡೂ ಕುದುರೆಗಳು ಹೊರಗಿವೆ, ಆನೆಗಳಿಗೆ ಸಾಲುಗಳು ತೆರೆದಿವೆ. ಕಪ್ಪಿನ ಕಡೆ ರಾಣಿಯೊಂದನ್ನು ಬಿಟ್ಟರೆ ಎಲ್ಲವೂ ಹುಟ್ಟಿದ ಮನೆಯಲ್ಲೇ ಇದೆ, ರಾಜ ನಡುವಿನಲ್ಲಿದ್ದಾನೆ. ಗ್ಯಾಂಬಿಟ್ ಆಡುವವರಿಗೆ ಇದು ತೀರ ಅಪರಿಚಿತವಾದ ಸ್ಥಿತಿಯಲ್ಲ. ಕೊಟ್ಟದ್ದು ಸ್ವಲ್ಪ ಹೆಚ್ಚಾಯಿತು ಅಷ್ಟೆ.

ಕಪ್ಪಿನ ಕಡೆ ಆದದ್ದನ್ನು ಇನ್ನೂ ನಿಧಾನವಾಗಿ ನೋಡಬೇಕು. ಅಲ್ಲಿಯವರೆಗೆ ಹತ್ತು ನಡೆಗಳನ್ನು ಹೆಚ್ಚುಕಡಿಮೆ ಉಸಿರಾಡಿದಂತೆ ಆಡಿದ್ದ ಹುಡುಗಿ ಹನ್ನೊಂದನೆಯ ನಡೆಗೆ ಮುಕ್ಕಾಲು ನಿಮಿಷದ ಹತ್ತಿರ ತೆಗೆದುಕೊಂಡಳು. ಕಾರಣ ಕೇಳಿದಾಗ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಫೋನಿನಲ್ಲಿ ಈ ಬಲೆಗೆ ಬಿದ್ದವರು ರಾಣಿ ಹೋದ ಕೂಡಲೇ ಸೋಲೊಪ್ಪಿ ಹೊರಟುಹೋಗುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ಇನ್ನೊಂದೆರಡು ಕಾಯಿಗಳನ್ನು ಕಳೆದುಕೊಳ್ಳುತ್ತಾರೆ. ಬಲೆಯ ವೀಡಿಯೊಗಳೂ ರಾಣಿ ಸಿಕ್ಕಲ್ಲಿಗೇ ಮುಗಿಯುತ್ತವೆ. ಆದ್ದರಿಂದ ಹನ್ನೊಂದನೆಯ ನಡೆಯ ನಂತರದ ಹಲಗೆಯನ್ನು, ಅಂದರೆ ಎದುರಾಳಿ ಸಮಾಧಾನದಿಂದ ಒಂಟೆಯಲ್ಲಿ ಹೊಡೆದು ಕೂತಿರುವ ಹಲಗೆಯನ್ನು, ಅವಳು ಅದುವರೆಗೆ ಗಂಭೀರವಾಗಿ ಆಡಿಯೇ ಇರಲಿಲ್ಲ. ಅಡಿಕೆ ಕೊಯ್ದು ಅಂಗಳಕ್ಕೆ ತಂದ ಮೇಲೆ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸವೆಲ್ಲ ಬಾಕಿಯಿರುತ್ತದೆ ಎಂಬುದು ತೋಟದ ಮನೆಯವಳಾದ ಅವಳಿಗೆ ಹೊಸ ಮಾತಲ್ಲ. ಅದನ್ನು ರಾಣಿಗೂ ಅನ್ವಯಿಸಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ರಾಣಿ ಮರಳಿ ಹೋದ ಬಗೆ

ಮುಂದಿನ ನಡೆಗಳು: 11... ಎ6 12. ಒಂಟೆ ಇ3 ಬಿ5 13. ಎ ಸಾಲಿನ ಆನೆ ಸಿ1 ಒಂಟೆ ಬಿ7 14. ಕುದುರೆ ಡಿ5.

ಎ6 ಸರಿಯಾದ ನಡೆ, ಏಕೆಂದರೆ ಬಿ5ರಿಂದ ರಾಣಿಯನ್ನು ಕಾಡಬಹುದಾಗಿದ್ದ ಕುದುರೆಯನ್ನು ಅದು ತಡೆಯುತ್ತದೆ. ಬಿ5 ಕೂಡ ಕೆಟ್ಟದ್ದಲ್ಲ. ತಪ್ಪಾದದ್ದು ಹದಿಮೂರನೆಯ ನಡೆಯಲ್ಲಿ. ಬಿಳಿಯ ಆನೆ ಸಿ1ಕ್ಕೆ ಬಂದ ಕ್ಷಣದಲ್ಲಿ ಅದು ತನ್ನದೇ ಕುದುರೆಯ ಬೆನ್ನಹಿಂದೆ ನಿಂತು ಸಿ7ರ ರಾಣಿಯನ್ನು ನೋಡುತ್ತಿದೆ. ಕುದುರೆ ಎಲ್ಲಿಗೆ ಹಾರಿದರೂ ರಾಣಿಯ ಮೇಲೆ ದಾಳಿಯಾಗುತ್ತದೆ. ಒಂಬತ್ತನೆಯ ನಡೆಯಲ್ಲಿ ಎದುರಾಳಿಯ ಕಾವಲುಗಾರನನ್ನು ಅಷ್ಟು ಚೆನ್ನಾಗಿ ಗುರುತಿಸಿದ್ದ ಹುಡುಗಿ ಇಲ್ಲಿ ಮರೆಯ ಹಿಂದಿನ ಆನೆಯನ್ನು ಕಾಣಲಿಲ್ಲ. ರಾಣಿಯನ್ನು ಬಿ8ಕ್ಕೆ ಸರಿಸಿ, ಆಮೇಲೆ ಡಿ6, ಒಂಟೆ ಇ7, ಕ್ಯಾಸ್ಲಿಂಗ್ ಎಂಬ ಗೃಹಕೃತ್ಯದ ನಡೆಗಳನ್ನು ಆಡಿದ್ದರೆ ಕಪ್ಪು ನೆಮ್ಮದಿಯಾಗಿ ಮುಂದಿರುತ್ತಿತ್ತು. ಅವಳು ಆಡಿದ್ದು ಒಂಟೆ ಬಿ7, ನೋಡಲು ಚೆಂದದ ನಡೆ, ದೊಡ್ಡ ಕರ್ಣದ ಮೇಲೆ ಬಿಳಿ ರಾಜನ ಕಡೆಗೆ.

ಕುದುರೆ ಡಿ5ಕ್ಕೆ ಹಾರಿದಾಗ ರಾಣಿಯ ಮೇಲೆ ಕುದುರೆಯ ದಾಳಿಯೂ ಇದೆ, ಆನೆಯ ದಾಳಿಯೂ ಇದೆ. ಈ ಸ್ಥಿತಿಯಲ್ಲೂ ಕಪ್ಪಿಗೆ ದಾರಿಯಿತ್ತು. ರಾಣಿಯಿಂದ ಸಿ1ರ ಆನೆಯನ್ನೇ ಹೊಡೆದು, ಅದನ್ನು ಬಿಳಿ ಮರಳಿ ಹೊಡೆದಾಗ ಇ6ರ ಕಾಲಾಳಿನಿಂದ ಡಿ5ರ ಕುದುರೆಯನ್ನು ತೆಗೆದಿದ್ದರೆ, ರಾಣಿಗೆ ಬದಲಾಗಿ ಆನೆ ಮತ್ತು ಕುದುರೆ ಸಿಕ್ಕು ಲೆಕ್ಕದಲ್ಲಿ ಕಪ್ಪೇ ಮುಂದಿರುತ್ತಿತ್ತು. ಆದರೆ ಗೆದ್ದ ರಾಣಿಯನ್ನು ತಾನಾಗಿಯೇ ಬಿಟ್ಟುಕೊಡುವ ಯೋಚನೆ ಬಲೆಯ ಸಂತೋಷದಲ್ಲಿರುವವರಿಗೆ ಬರುವುದು ಕಷ್ಟ. ಇನ್ನೊಂದು ಅರ್ಧ ನಿಮಿಷ ಕಳೆದು ಹುಡುಗಿ 14... ರಾಣಿ ಡಿ8 ಎಂದು ಮನೆಗೆ ಮರಳಿದಳು. ಉತ್ತರ 15. ಒಂಟೆ ಬಿ6.

ಈ ಒಂಟೆಯನ್ನು ರಾಣಿ ಹೊಡೆದರೆ ಡಿ5ರ ಕುದುರೆ ಬಿ6ರಲ್ಲಿ ರಾಣಿಯನ್ನು ಹೊಡೆಯುತ್ತದೆ, ಜೊತೆಗೆ ಎ8ರ ಆನೆಯನ್ನೂ ಹಿಡಿಯುತ್ತದೆ. ರಾಣಿ ಜಿ5 ಅಥವಾ ಎಚ್4ಕ್ಕೆ ಓಡಿದರೆ ಎಫ್3ರ ಕುದುರೆ, ಎಫ್6 ಅಥವಾ ಇ7ಕ್ಕೆ ಓಡಿದರೆ ಡಿ5ರ ಕುದುರೆ, ಸಿ8ಕ್ಕೆ ಸರಿದರೆ ಆನೆ ಕಾದಿದೆ. ಬಿ8ಕ್ಕೆ ಹೋದರೆ ಸಿ7ರಲ್ಲಿ ಕುದುರೆಯ ಚೆಕ್, ಆಮೇಲೆ ಎ8ರ ಆನೆ ಹೋಗುತ್ತದೆ. ಇಷ್ಟನ್ನು ನೋಡಿದ ಮೇಲೆ ಹುಡುಗಿ ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿದಳು: 15... ಇ×ಡಿ5 16. ಒಂಟೆ×ಡಿ8 ಆನೆ×ಡಿ8 17. ಇ×ಡಿ5 ಒಂಟೆ×ಡಿ5. ರಾಣಿಗೆ ಬದಲಾಗಿ ಒಂದು ಕುದುರೆ, ಒಂದು ಒಂಟೆ. ಬಲೆಯಲ್ಲಿ ಕೊಟ್ಟು ಪಡೆದದ್ದೆಲ್ಲ ಸರಿಸಮವಾಗಿ ಹಿಂದಿರುಗಿತು. ಎರಡನೆಯ ನಡೆಯಲ್ಲಿ ಬಿಳಿ ಗ್ಯಾಂಬಿಟ್‌ಗೆಂದು ತೆತ್ತ ಒಂದು ಕಾಲಾಳು ಮಾತ್ರ ಕಪ್ಪಿನ ಹತ್ತಿರ ಹೆಚ್ಚಾಗಿ ಉಳಿಯಿತು. ಎರಡು ಒಂಟೆಗಳೂ ಅವಳ ಕಡೆಯೇ ಇದ್ದವು. ನಿಜ ಹೇಳಬೇಕೆಂದರೆ ಈ ಸ್ಥಿತಿಯಲ್ಲೂ ಕಪ್ಪಿಗೆ ದೂರುವಂಥದ್ದೇನಿರಲಿಲ್ಲ, ಗಡಿಯಾರವೊಂದನ್ನು ಬಿಟ್ಟು. ರಾಣಿ ಗೆದ್ದಾಗ ಅವಳ ಬಳಿ ಎದುರಾಳಿಗಿಂತ ಅರ್ಧ ನಿಮಿಷ ಹೆಚ್ಚಿತ್ತು, ರಾಣಿ ಮರಳಿ ಹೋಗುವಷ್ಟರಲ್ಲಿ ಅಷ್ಟೇ ಕಡಿಮೆಯಾಗಿತ್ತು.

ಕೊನೆಯ ಮನೆ

ನಡುವಿನ ಆಟದಲ್ಲಿ ಆನೆಗಳು ವಿನಿಮಯವಾದವು, ಒಂದು ಜೊತೆ ಒಂಟೆ ಹೋಯಿತು. ಬಿಳಿಯ ಸಮಯವೂ ಕರಗಿ ಇಬ್ಬರೂ ಹತ್ತು ಸೆಕೆಂಡಿನ ಒಳಗೆ ಬಂದರು. ಹುಡುಗಿ ಉಳಿದ ಒಂಟೆಯನ್ನು ಕೊಟ್ಟು ಬಿಳಿಯ ಕಾಲಾಳುಗಳನ್ನು ಕಿತ್ತು ತನ್ನ ಎ ಸಾಲಿನ ಕಾಲಾಳನ್ನು ಓಡಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಇಷ್ಟು: ಬಿಳಿಯ ರಾಜ ಜಿ3, ಕುದುರೆ ಇ1, ಕಾಲಾಳು ಜಿ4, ಕಪ್ಪಿನ ರಾಜ ಡಿ4, ಕಾಲಾಳು ಎ2. ಆಡುವ ಸರದಿ ಕಪ್ಪಿನದು.

ಇಲ್ಲಿ ಕಪ್ಪಿಗೆ ಖಚಿತವಾದ ಗೆಲುವಿದೆ. ಮೊದಲು ರಾಜ ಸಿ3ಕ್ಕೆ ಹೋಗಬೇಕು. ಆಗ ಕುದುರೆಗೆ ಬೇಕಾದ ಸಿ2, ಬಿ3 ಮನೆಗಳೆರಡೂ ರಾಜನ ಹಿಡಿತಕ್ಕೆ ಬರುತ್ತವೆ, ಮುಂದಿನ ನಡೆಗೆ ಕಾಲಾಳು ರಾಣಿಯಾಗುತ್ತದೆ, ಬಿಳಿಯ ಜಿ ಕಾಲಾಳು ಅಷ್ಟರಲ್ಲಿ ದೂರವೇನೂ ಹೋಗಿರುವುದಿಲ್ಲ. ಹುಡುಗಿ ಆ ಒಂದು ನಡೆ ಕಾಯದೆ ಕಾಲಾಳನ್ನು ಎ1ಕ್ಕೆ ತಳ್ಳಿ, ಅದು ಕಾಲಾಳಾಗಿಯೇ ಕೊನೆಯ ಮನೆಯಲ್ಲಿ ನಿಂತಿರುವಾಗಲೇ ಗಡಿಯಾರ ಒತ್ತಿದಳು. ಮೇಜಿನ ಅಂಚಿನಲ್ಲಿ ರಾಣಿ ಬಿದ್ದುಕೊಂಡಿತ್ತು. ಅವಳ ಕೈ ಅತ್ತ ಹೋಗಲೇ ಇಲ್ಲ.

ಫಿಡೆ ನಿಯಮದಂತೆ ಕೊನೆಯ ಮನೆ ಮುಟ್ಟಿದ ಕಾಲಾಳಿನ ಜಾಗದಲ್ಲಿ ಹೊಸ ಕಾಯಿಯನ್ನು ಇಡದೆ ಗಡಿಯಾರ ಒತ್ತಿದರೆ ಆ ನಡೆ ಅಕ್ರಮ. ಕಾಲಾಳಿನ ಬದಲು ಅದೇ ಬಣ್ಣದ ರಾಣಿಯನ್ನು ಇಡಲಾಗುತ್ತದೆ, ಎದುರಾಳಿಗೆ ಹೆಚ್ಚುವರಿ ಸಮಯ ಕೊಡಲಾಗುತ್ತದೆ: ದೀರ್ಘ ಆಟದಲ್ಲಿ ಎರಡು ನಿಮಿಷ, ಬ್ಲಿಟ್ಜ್‌ನಲ್ಲಿ ಒಂದು ನಿಮಿಷ. ಅದೇ ಆಟಗಾರ್ತಿ ಎರಡನೆಯ ಬಾರಿ ಅಕ್ರಮ ನಡೆ ಆಡಿದರೆ ಆಟ ಸೋತಂತೆ. ಶಿಕ್ಷಕಿ ತಮ್ಮ ಮುಂದಿನ ನಡೆ ಆಡುವ ಮೊದಲೇ ಗಡಿಯಾರ ನಿಲ್ಲಿಸಿ ಕೈ ಎತ್ತಿದರು. ಅದು ಮುಖ್ಯ, ಏಕೆಂದರೆ ನಡೆ ಆಡಿದ ಮೇಲೆ ಆ ಹಕ್ಕು ಹೋಗುತ್ತದೆ. ಮುಖ್ಯ ತೀರ್ಪುಗಾರರು ಬಂದು ಎ1ರಲ್ಲಿ ಕಪ್ಪು ರಾಣಿಯನ್ನು ಇಟ್ಟು, ಬಿಳಿಯ ಗಡಿಯಾರಕ್ಕೆ ಒಂದು ನಿಮಿಷ ಸೇರಿಸಿದರು.

ಹಿಡಿಯಷ್ಟು ಸೆಕೆಂಡುಗಳಿದ್ದವರಿಗೆ ಒಮ್ಮೆಲೇ ಒಂದು ನಿಮಿಷ. ಅದಕ್ಕಿಂತ ಹೆಚ್ಚಾಗಿ, ಗಡಿಯಾರ ಸರಿಪಡಿಸುವಷ್ಟು ಹೊತ್ತು ಹಲಗೆಯನ್ನು ನೋಡುತ್ತಾ ಕೂರುವ ಅವಕಾಶ. ಆಟ ಮತ್ತೆ ಶುರುವಾದ ಕೂಡಲೇ ಅವರು ಕುದುರೆಯನ್ನು ಸಿ2ಕ್ಕೆ ಇಟ್ಟು ಚೆಕ್ ಕೊಟ್ಟರು: ಒಂದು ಕಡೆ ಡಿ4ರ ರಾಜ, ಇನ್ನೊಂದು ಕಡೆ ಎ1ರ ರಾಣಿ. ರಾಜ ಸಿ3ಕ್ಕೆ ಸರಿದ, ಕುದುರೆ ರಾಣಿಯನ್ನು ಹೊಡೆಯಿತು. ಮೂಲೆಗೆ ಸಿಕ್ಕಿದ ಕುದುರೆಯನ್ನು ತಿನ್ನಲು ಕಪ್ಪು ರಾಜ ಎರಡು ನಡೆ ವ್ಯಯಿಸಿದ, ಅಷ್ಟರಲ್ಲಿ ಜಿ ಕಾಲಾಳು ಯಾರ ಕೈಗೂ ಸಿಗದಷ್ಟು ದೂರ ಹೋಗಿತ್ತು. ಅದು ಜಿ8 ಮುಟ್ಟಿದಾಗ ಶಿಕ್ಷಕಿ ಕಾಲಾಳನ್ನು ಎತ್ತಿ ಪಕ್ಕಕ್ಕಿಟ್ಟು, ರಾಣಿಯನ್ನು ಮನೆಯ ಮಧ್ಯಕ್ಕೆ ಸರಿಯಾಗಿ ನಿಲ್ಲಿಸಿ, ಅದೇ ಕೈಯಿಂದ ಗಡಿಯಾರ ಒತ್ತಿದರು. ಹುಡುಗಿ ಕೈ ಚಾಚಿ ಸೋಲೊಪ್ಪಿದಳು.

ಆಕ್ಷೇಪ ಮತ್ತು ಅಭ್ಯಾಸ

ಹುಡುಗಿಯ ಮನೆಯವರು ಆಟ ಮುಗಿದ ಮೇಲೆ ತೀರ್ಪುಗಾರರ ಮೇಜಿಗೆ ಬಂದರು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಅದು ರಾಣಿ ಎಂದು ಎಲ್ಲರಿಗೂ ಗೊತ್ತಿರುವಾಗ, ಕಾಯಿ ಇಡಲಿಲ್ಲವೆಂದು ಒಂದು ನಿಮಿಷ ಕೊಡುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅಸಂಬದ್ಧವಲ್ಲ. ಆದರೆ ಕಾಯಿ ಇಡುವುದಕ್ಕೆ ಬೇಕಾದ ಒಂದೆರಡು ಸೆಕೆಂಡು ಕೂಡ ಆಟಗಾರ್ತಿಯ ಗಡಿಯಾರದಿಂದಲೇ ಹೋಗಬೇಕು. ಇಡದೆ ಒತ್ತಿದರೆ ಆ ಸೆಕೆಂಡುಗಳು ಎದುರಾಳಿಯ ಗಡಿಯಾರದಿಂದ ಹೋಗುತ್ತವೆ. ಮೂರು ನಿಮಿಷದ ಆಟದ ಕೊನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಮುಖ್ಯ ತೀರ್ಪುಗಾರರು ನಿಯಮಪುಸ್ತಕ ತೆರೆದು ತೋರಿಸಿದ ಮೇಲೆ ಮಾತು ಅಲ್ಲಿಗೆ ನಿಂತಿತು. ಹುಡುಗಿ ಮಾತ್ರ ಇದನ್ನು ಮೊದಲೇ ಒಪ್ಪಿದ್ದಳು. ಫೋನಿನಲ್ಲಿ ಕಾಲಾಳು ತಾನಾಗಿಯೇ ರಾಣಿಯಾಗುತ್ತದೆ, ಅಕ್ರಮ ನಡೆಯನ್ನು ಪರದೆ ಒಪ್ಪುವುದೇ ಇಲ್ಲ, ಹಾಗಾಗಿ ತನ್ನ ಕೈಗೆ ಇದು ಗೊತ್ತಿರಲಿಲ್ಲ ಎಂದಳು.

ಬಲೆ ಮುಗಿದಲ್ಲಿಗೆ ಎದುರಾಳಿ ಹೊರಟುಹೋಗುವುದು, ಕೊನೆಯ ಮನೆಯಲ್ಲಿ ಕಾಯಿ ತಾನಾಗಿ ಬದಲಾಗುವುದು, ಇವೆರಡೂ ಒಂದೇ ಅಭ್ಯಾಸಕ್ರಮದ ಎರಡು ತುದಿಗಳು. ಫೋನಿನ ಆಟವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದಿಲ್ಲದಿದ್ದರೆ ಆ ಹುಡುಗಿ ಆ ಮೇಜಿಗೆ ಬರುತ್ತಲೇ ಇರಲಿಲ್ಲ, ಸೈಬೀರಿಯನ್ ಬಲೆಯನ್ನು ಅಷ್ಟು ನಿಖರವಾಗಿ ಹಾಕುತ್ತಲೂ ಇರಲಿಲ್ಲ. ಫೋನು ತಾನಾಗಿ ಕೊಡದ ಆಟದ ಭಾಗವನ್ನು ಬೇರೆಯಾಗಿ ಕಲಿಯಬೇಕು, ಅಷ್ಟೆ. ಅವಳಿಗೆ ನಾವು ಸೂಚಿಸಿದ ಅಭ್ಯಾಸ ಹೀಗಿದೆ: ಹನ್ನೊಂದನೆಯ ನಡೆಯಲ್ಲಿ ಒಂಟೆ ಇ2ಕ್ಕೆ ಬಂದ ಸ್ಥಿತಿಯನ್ನು ನಿಜವಾದ ಹಲಗೆಯ ಮೇಲೆ ಜೋಡಿಸಿ, ಎರಡೂ ಕಡೆ ಮೂರು ನಿಮಿಷ ಇಟ್ಟು, ಮನೆಯಲ್ಲಿ ಯಾರು ಸಿಕ್ಕರೆ ಅವರೊಂದಿಗೆ ಕಪ್ಪಿನಲ್ಲಿ ಆಡುವುದು, ಆಮೇಲೆ ಬಣ್ಣ ಬದಲಿಸಿ ರಾಣಿಯಿಲ್ಲದ ಬಿಳಿಯಲ್ಲಿ ಆಡುವುದು. ಬಿಳಿಯಲ್ಲಿ ಆಡುವಾಗ ಸಿ1ರ ಆನೆಯ ದಾರಿ ತಾನಾಗಿ ಕಾಣುತ್ತದೆ, ಕಪ್ಪಿನಲ್ಲಿ ಕುಳಿತಾಗ ಅದೇ ದಾರಿಯಿಂದ ರಾಣಿಯನ್ನು ಯಾವಾಗ ಸರಿಸಬೇಕೆಂಬುದು ತಿಳಿಯುತ್ತದೆ.

ಶಿಕ್ಷಕಿ ಅದಕ್ಕೊಂದು ಸೇರ್ಪಡೆ ಹೇಳಿದರು: ಅಭ್ಯಾಸದ ಹಲಗೆಯ ಪಕ್ಕದಲ್ಲಿ ಎರಡೂ ಬಣ್ಣದ ಒಂದೊಂದು ರಾಣಿಯನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು, ಅದೂ ಗಡಿಯಾರ ಒತ್ತುವ ಕೈಯ ಕಡೆ. ಅವರ ಸ್ವಂತ ಓಪನಿಂಗ್ ಬಗ್ಗೆ ಕೇಳಿದಾಗ, ಸ್ಮಿತ್-ಮೋರಾ ಬಿಡುವುದಿಲ್ಲ, ಎಂಟನೆಯ ನಡೆಯಲ್ಲಿ ರಾಣಿ ಇ2ರ ಬದಲು ಕುದುರೆ ಬಿ5 ನೋಡುತ್ತೇನೆ ಎಂದರು. ಸಾಗರದ ಬಸ್ಸಿಗೆ ಹೊತ್ತಾದ್ದರಿಂದ ಆ ಸಾಲನ್ನು ಅಂದು ಮೂರು ನಡೆಗಿಂತ ಮುಂದೆ ನೋಡಲಾಗಲಿಲ್ಲ.